ಹೊಂಬಾಳಮ್ಮನ ಮೂಗು

...ಅದ್ಯಾಕವ್ವ ಚಂದ್ನ, ಡಬ್ಬಿ ಮುಚ್ಳ ತಗ್ದು ಅಂಗೇ ನಿಂತ್ಬುಟ್ಟೆ? ಒಳಗೇನು ಇಲಿ ಸತ್ತು ಬಿದ್ದದಾ? ಎಡೆ ಆಯ್ತಲ್ಲ, ಇನ್ನು ಬಾಯಿಗೆ ಇಕ್ಕೊಬೋದು ಕಣೆ. ನೆನ್ನೆ ಮಳವಳ್ಳಿಯಿಂದ ಬಂದೇಟ್ಗೆ "ಡಬ್ಬಿ ತಗೀಲಾ ಅತ್ತೆ" ಅಂದೆ, ನಾನೇ ಬಿಡ್ಲಿಲ್ಲ. ನಮ್ಮ ಅಟ್ಟೀಲಿ ಏನೇ ಒಸದು ಮಾಡಿದ್ರೂ ಎಡೆ ಇಕ್ಕೋಗಂಟ ನಾಲ್ಗೆಗೆ ಸೋಕುಸ್ಬಾರ್ದು. ಈಗ ಎಲೆ ಮೇಲೆ ಅನ್ನ ಇಕ್ಕಿ, ಒಂದು ಚಿಟ್ಕೆ ಸಾರಿನ ಪುಡಿ ಇಕ್ಕಿ, ನನ್ನ ಮಗ ಸ್ವಾಮಿ ಪೋಟಕ್ಕೆ ಕೈ ಮುಗ್ದಾಯ್ತು. ಮಗನಿಗೆ ಮೊದ್ಲು, ಸೊಸೆಗೆ ಆಮೇಲೆ... ಅವನು ಬದ್ಕಿದ್ದಾಗ್ಲೂ ಇಂಗೇ ಅಲ್ವಾ! ಎಷ್ಟು ಮುನಿಸ್ಕೊತಿದ್ದೆ ಅದ್ಕೆ ನೀನು.

ಯಾಕೆ ನಗಾಡ್ತೀಯ? ಇಲ್ವಾ? ವೇಲು ಬಾಯಿಗೆ ಅಡ್ಡ ಇಡ್ಕೊಂಡ್ಯಲ್ಲ, ನಗು ತಡ್ಕೊತಿದ್ದೀಯೇನೋ ಅನ್ಕೊಂಡೆ.

ಸರಿ, ಬೇಗ ಬೇಗ ಆಗ್ಲಿ. ನಿಮ್ಮಣ್ಣ ಸಿದ್ದೇಶ ಆತಗೂರು ಬಿಟ್ಟು ಆಗ್ಲೇ ಎಷ್ಟೊತ್ತಾಯ್ತು. ಅವನು ಬರೋದ್ರೊಳ್ಗೆ ಪ್ಯಾಕೆಟ್ಟೆಲ್ಲ ಸೀಲಾಗಿ ಸಾಲಾಗಿ ಕುಂತಿರ್ಬೇಕು. ಬಾಗ್ಲಲ್ಲೇ ನಿಂತು ಬಾಯಿ ಬಿಡ್ಬೇಕು ಅವನು, "ಓಹೋ, ನನ್ನ ತಂಗಿ ಇಲ್ಲಿ ಕಣ್ಣೀರಾಕ್ಕೊಂಡು ಕುಂತಿಲ್ಲ, ಯಾಪಾರ ಮಾಡ್ತಾವ್ಳೆ" ಅಂತ. ಗಂಡ ಇಲ್ದಿರೋ ಅಟ್ಟೀಲಿ ಏನವ್ವ ಮಾಡ್ತೀಯ, ಬಂದ್ಬುಡು, ಗಂಡು ನೋಡಿವ್ನಿ ಅಂತ ಎಷ್ಟು ಸಲ ಬಂದು ಕರ್ದ! ತಪ್ಪಲ್ಲ ಬುಡು, ಒಡುಟ್ದೋನು, ಕರೀತಾನೆ. ಆದ್ರೆ ನೀನೇ ಅಲ್ವಾ ಅಂದಿದ್ದು? "ಮೊದ್ಲನೇ ಆಡರ್ ಸರಿಯಾಗಿ ಓಗಿ ಮುಟ್ಟಿದ್ರೆ ನಾನು ಕಿರುಗಾವಲಲ್ಲೇ ಇರ್ತೀನಿ ಅತ್ತೆ, ಇಲ್ದಿದ್ರೆ ಅಣ್ಣನ ಜತೆ ಒಂಟೋಯ್ತೀನಿ" ಅಂತ. ನಾನು ಆ ಮಾತ ಕಟ್ಕೊಂಡೇ ಬದುಕ್ತಿವ್ನಿ ಕಣವ್ವ.

ಎಷ್ಟು ಓಡಾಡ್ದೆ ನೀನು! ಸಾರಿನ ಪುಡಿ ಅಂದ್ರೆ ಒಲೆ, ಬಾಣ್ಲಿ, ಮಿಲ್ಲು ಅಷ್ಟೇ ಅನ್ಕೊಂಡಿದ್ದೋಳು ನಾನು. ನೀನು ಲೈಸೆನ್ಸು ಅಂದೆ, ಕವರ್ ಅಂಟ್ಸೋ ಮಿಸನ್ನು ಅಂದೆ, ಮಳವಳ್ಳಿ ಕೊರಿಯರ್‌ನವನ ತಾವ ನೀನೇ ಓಗಿ ಮಾತಾಡ್ಕೊಂಡು ಬಂದೆ. ಆಮೇಲೆ ಆ ವಿಡಿಯೋ... ಅಯ್ಯಪ್ಪ! ಬಾಣ್ಲಿ ಮೇಲೆ ಬಗ್ಗು ಅತ್ತೆ, ಮೂಸು ಅತ್ತೆ, ಕಣ್ಣು ಮುಚ್ಕೊ ಅತ್ತೆ. "ನಾವು ರುಚಿ ನೋಡಿ ಮಾಡೋರಲ್ಲ, ಮೂಗಲ್ಲೇ ಹದ ನೋಡೋರು" ಅಂತ ನನ್ನ ಬಾಯಲ್ಲಿ ಯೋಳುಸ್ದೆ. ಪ್ಯಾಕೆಟ್ ಮೇಲೂ ನನ್ನದೇ ಮೋರೆ, ಕೆಳಗೆ "ಹೊಂಬಾಳಮ್ಮನ ಸಾರಿನ ಪುಡಿ". ಮೈಸೂರಿಂದ ಯಾರೋ ಒಬ್ಳು "ಅಜ್ಜಿ ಮೂಗಿಗೆ ದೃಷ್ಟಿ ತೆಗೀರಿ" ಅಂತ ಬರ್ದಿದ್ಲಲ್ಲ, ಅದನ್ನ ಓದಿ ನೀನು ಬಿದ್ದು ಬಿದ್ದು ನಕ್ಕೆ. ಸ್ವಾಮಿ ತೀರ್ಕೊಂಡ ಮೇಲೆ ನೀನು ಅಂಗೆ ನಕ್ಕಿದ್ದು ನಾನು ಕಂಡೇ ಇರ್ಲಿಲ್ಲ. ಅದ್ಕೇ... ಅದ್ಕೇ ನಾನೂ ಸುಮ್ಕಾಗ್ಬುಟ್ಟೆ.

ಏನಿಲ್ಲ, ಏನಿಲ್ಲ ಬುಡು.

ಅಯ್ಯೋ, ಮುಚ್ಳ ಯಾಕೆ ಮುಚ್ತೀಯ? ಒಂದು ಚಿಟ್ಕೆ ಬಾಯಿಗೆ ಇಕ್ಕೊ ಅಂದ್ರೆ! ಕಾರ ಜಾಸ್ತಿ ಆಯ್ತಾ? ಸೀದದಾ? ಸೀದಿಲ್ಲ ಕಣೆ! ದನ್ಯ ಕೆಂಪಾಯ್ತಿದ್ದಂಗೆ ಇಳ್ಸಿವ್ನಿ. ಮೆಂತ್ಯ ಚಟಚಟ ಅನ್ನೋ ಸದ್ದು ನಿಲ್ಲಕ್ಕೂ ನಾನು ಬಾಣ್ಲಿ ಎತ್ತಕ್ಕೂ ಸರಿಯೋಯ್ತು. ಕಣ್ಣಲ್ಲಿ ನೋಡಿ, ಕಿವೀಲಿ ಕೇಳಿ ಮಾಡಿವ್ನಿ...

ಏನಂಗೆ ನೋಡ್ತೀಯ? ಮೂಗಲ್ಲೂ ನೋಡ್ದೆ! ಮೂಗಲ್ಲಿ ನೋಡ್ದೆ ಇರ್ತೀನಾ?

ನೀನು ಮಗ್ಗುಲಲ್ಲಿ ಇದ್ದಿದ್ರೆ ನಿನ್ನೂ ಕೇಳ್ತಿದ್ದೆ. ದಿನಾ ಕೇಳ್ತಿರ್ಲಿಲ್ವಾ, "ಬಂತಾ ಗಮಲು? ನಿಂಗೆ ಬಂತಾ?" ಅಂತ? ನೀನು ಕಲೀಲಿ ಅಂತ ಕೇಳ್ತಿದ್ದೆ. "ಬಂತು ಅತ್ತೆ" ಅಂತಿದ್ದಂಗೆ "ಬೇಸು, ಕಲ್ತುಬುಟ್ಟೆ" ಅಂತ ಬಾಣ್ಲಿ ಇಳ್ಸ್ತಿದ್ದೆ. ನೆನ್ನೆ ನೀನು ಸ್ಟಿಕ್ಕರ್ ತರಕ್ಕೆ ಓದೆ. ಕಾಯಬೋದಿತ್ತು, ಕಾಯ್ಲಿಲ್ಲ. ನೀನಿಲ್ದೆನೂ ನನ್ನ ಕೈಲಿ ಆಯ್ತದೆ ಅಂತ ನಂಗೇ ತೋರುಸ್ಕೊಬೇಕಿತ್ತೇನೋ.

ಮೊದ್ಲನೇ ಆಡರ್ರು, ಸುದ್ದವಾಗಿರ್ಲಿ ಅಂತ ಎಷ್ಟು ಮುತುವರ್ಜಿ ಮಾಡಿವ್ನಿ ಗೊತ್ತಾ? ಬಾಣ್ಲೀಲಿ ಉರಿದ ಸಾಮಾನ ಚಾಪೆ ಮೇಲೂ ಆಕ್ಲಿಲ್ಲ, ಪೇಪರ್ ಮೇಲೂ ಆಕ್ಲಿಲ್ಲ. ಟ್ರಂಕಿಂದ ನನ್ನ ನೂಲಿನ ಸೀರೆ ತಗ್ದೆ. ಒಗ್ದು ಮಡ್ಸಿ ಇಕ್ಕಿದ್ದು, ಕೊರೊನ ವರ್ಸದಿಂದ ಉಟ್ಟಿಲ್ಲ. ಅದನ್ನೇ ಆಸಿ, ಬಿಸಿಬಿಸಿ ದನ್ಯ, ಮೆಣಸಿನ್ಕಾಯಿ ಎಲ್ಲ ಅದ್ರ ಮೇಲೇ ಅರವಿ, ಆರಿದ ಮೇಲೆ ಅದ್ರಲ್ಲೇ ಗಂಟು ಕಟ್ಕೊಂಡು ಮಿಲ್ಲಿಗೆ ಓದೆ. ಮಿಲ್ಲು ಚಿಕ್ಕಣ್ಣ ಗಂಟು ಬಿಚ್ಚಿ, "ಏನವ್ವೋ, ಟ್ರಂಕಿಂದ ಈಗ ಎದ್ದು ಬಂದಂಗದೆ" ಅಂದ. ಸೀರೆ ನೋಡಿ ಆಡ್ಕೊತಾವ್ನೆ ಅಂತ, "ಬಾಯಿ ಮುಚ್ಕೊಂಡು ಬೀಸ್ಲಾ" ಅಂದೆ. ಅವನೂ ನಕ್ಕ, ನಾನೂ ನಕ್ಕೆ.

ಯಾಕೆ? ಯಾಕವ್ವ ಅಂಗೆ ಕಣ್ಣು ಮುಚ್ಕೊಂಡೆ? ಎಲ್ಲಿಗೆ ಒಂಟೆ? ಟ್ರಂಕು ಯಾಕೆ ತಗೀತಿದ್ದೀಯ, ಅದ್ರಲ್ಲಿ ಏನೂ ಇಲ್ಲ, ಬುಡು ಅದ... ಚಂದ್ನ, ಬುಡು ಅಂದೆ!

ಏನದು ಕೈಲಿ? ಬೆಳ್ಳಗೆ...

ಗುಳ್ಗೆ. ನುಸಿ ಗುಳ್ಗೆ.

ಅಯ್ಯೋ ನನ್ನಪ್ನೆ. ನಾನೇ ಇಕ್ಕಿದ್ದೆ. ಅಂಗಡಿಯಿಂದ ಬೊಗಸೆ ತುಂಬ ತಂದು ಸುರ್ದಿದ್ದೆ. ಪುಡಿಯೆಲ್ಲ ಅದೇ ವಾಸ್ನೆನಾ? ಎಲ್ಲಾನೂ? ಎಡೆಗೂ ಅದನ್ನೇ ಇಕ್ಬುಟ್ಟೆನಲ್ಲ, ಮಗನಿಗೆ...

ಮಾತಾಡವ್ವ. ಬೈಯಿ ನನ್ನ. "ಬಾಗ್ಲು ದಾಟಿ ಬರೋ ವಾಸ್ನೆ ನಿಂಗೆ ಗೊತ್ತಾಗ್ಲಿಲ್ವಾ ಅತ್ತೆ" ಅಂತ ಕೇಳು. ಯಾಕೆ ಕೇಳಕಿಲ್ಲ?

...ಗೊತ್ತಿತ್ತಾ ನಿಂಗೆ?

ಮೊದ್ಲಿಂದ್ಲೂ ಗೊತ್ತಿತ್ತಾ? ಆಲು ತಳ ಸೀದು ಅಟ್ಟಿಯೆಲ್ಲ ಒಗೆ ಆಡ್ತಿದ್ರೂ ನಾನು ಅಲ್ಲೇ ಅವರೆಕಾಯಿ ಬಿಡುಸ್ತಾ ಕುಂತಿದ್ನಲ್ಲ, ಆವಾಗ್ಲಿಂದ್ಲಾ? ಅದ್ಕೇ ಇತ್ತೀಚ್ಗೆ ನಾನು ಕೇಳೋಕ್ಮುಂಚೇನೇ "ಬಂತು ಅತ್ತೆ, ಬಂತು" ಅಂತಿದ್ಯಾ? ನೀನು ಕಲ್ತುಬುಟ್ಟೆ ಅಂತ ನಾನು ಇಗ್ಗಿದ್ದೇ ಇಗ್ಗಿದ್ದು... ನಾನೇನು ನಿಂಗೆ ಕಲ್ಸಿದ್ದು. ನೀನೇ ನನ್ನ ಕೈ ಇಡ್ಕೊಂಡು ನಡುಸ್ತಿದ್ದೆ.

ಕೊರೊನದಲ್ಲಿ ಎಲ್ರ ಮೂಗೂ ಓಯ್ತು, ಎಲ್ರಿಗೂ ವಾಪಸ್ ಬಂತು. ನಂಗೆ ಬರ್ಲಿಲ್ಲ. ಆಸ್ಪತ್ರೆಯಿಂದ ಮಗನೇ ವಾಪಸ್ ಬರ್ಲಿಲ್ಲ, ಮೂಗು ಯಾವ ಲೆಕ್ಕ ಅಂತ ಯಾರ್ಗೂ ಯೋಳ್ಲಿಲ್ಲ. ಆಮೇಲೆ ನೀನು "ನಿಮ್ಮ ಕೈ ಸಾರಿನ ಪುಡಿ ಮೊಬೈಲಲ್ಲಿ ಮಾರಾನ ಅತ್ತೆ" ಅಂತ ಬಂದು ಕುಂತೆ. ಮೂಗಿಲ್ಲ ಕಣವ್ವ ನಂಗೆ ಅಂದಿದ್ರೆ ಅವತ್ತೇ ನಿಮ್ಮಣ್ಣನ ಬೈಕು ಅತ್ಬುಡ್ತಿದ್ದೆ ನೀನು. ಸುಳ್ಳು ಯೋಳ್ಲಿಲ್ಲ ಕಣವ್ವ ನಾನು, ಯೋಳ್ದೆ ಇದ್ದೆ ಅಷ್ಟೇ... ಊಹೂಂ. ಸುಳ್ಳೇ. ಸುಳ್ಳೇ ಅನ್ಕೊ. ನೀನು ಓಗ್ಬುಡ್ತೀಯ ಅಂತ ಬಯ ಆಯ್ತು.

ಗುಳ್ಗೆ ಸೀರೆಗೆ ಇಕ್ಕಿದ್ದಲ್ಲ. ಅಡೀಲಿ ಅದೆ ನೋಡು. ಊ, ಅದೇ. ಸ್ವಾಮಿ ಅಂಗಿ. ಆಸ್ಪತ್ರೆಗೆ ಓಗೋ ದಿನ ಬಿಚ್ಚಾಕಿದ್ದು. ಒಗೀಲಿಲ್ಲ ನಾನು. ಆಲೆಮನೆ ಬೆಲ್ಲದ ವಾಸ್ನೆ ಎಷ್ಟು ಒಗದ್ರೂ ಓಯ್ತಿರ್ಲಿಲ್ಲ ಅವನ ಬಟ್ಟೇಲಿ, "ನಿನ್ನ ಗಂಡನ ಇಂದೆ ಇರುವೆ ಸಾಲು ಬತ್ತದೆ" ಅಂತ ರೇಗುಸ್ತಿದ್ನಲ್ಲ ನಿನ್ನ! ನೀನು ಆಚೆ ಓದಾಗ ತಗ್ದು ಮೂಸ್ತೀನಿ. ಏನೂ ಬರಕಿಲ್ಲ. ನಂಗೆ ಬರ್ದಿದ್ರೆ ಏನಂತೆ, ಅಂಗೀಲಿ ಅವನು ಇದ್ದೇ ಅವ್ನೆ ಅನ್ನೋ ದೈರ್ಯ. ನುಸಿ ತಿಂದುಬುಟ್ಟಾವು ಅಂತ ಅದ್ರ ಜೇಬಿಗೂ ಗುಳ್ಗೆ ಇಕ್ಕಿ ಮಡ್ಸಿದ್ದೆ.

ಬೈಕು ಸದ್ದು. ನಿಮ್ಮಣ್ಣನೇ ಇರ್ಬೇಕು. ಓಗು ಕಣವ್ವ. ನಿಂದೇನೂ ತಪ್ಪಿಲ್ಲ ಅಂತ ನಾನೇ ಯೋಳ್ತೀನಿ ಅವನಿಗೆ. ಇನ್ನೂ ಚಿಕ್ಕೋಳು ನೀನು, ಮುಪ್ಪಿನ ಮುದುಕಿ ಮೂಗಿಗೆ ನಿನ್ನ ಬದುಕ ಕಟ್ಟಾಕ್ಬಾರ್ದಿತ್ತು ನಾನು. ಓಗು.

ಓಗೋಕ್ಮುಂಚೆ ಒಂದು ಕೆಲ್ಸ ಮಾಡು. ನಿನ್ನ ಮೂಗು ಚೆನ್ನಾಗದೆ. ಆ ಅಂಗಿ ಎತ್ಕೊ. ಕತ್ತಿನ ಪಟ್ಟಿ ತಾವ ಮೂಸು. ಬೆಲ್ಲ ಅದಾ? ಅವನ ಬೆವರು ಅದಾ? ಒಂದೇ ಒಂದ್ಸಲ ಯೋಳ್ಬುಡು.

ಯೋಳವ್ವ.

ಯಾಕೆ ಅಂಗಿ ಕೆಳಗಿಟ್ಟೆ? ಅದ್ರಲ್ಲೂ... ಅದ್ರಲ್ಲೂ ಬರೀ ಗುಳ್ಗೆನಾ?

ಬಾಣ್ಲಿ ಮುಂದೆ ಯೋಳ್ತಿದ್ಯಲ್ಲ ಚಂದ್ನ, ಅಂಗೇ ಯೋಳು. ನಂಗೇನು ಗೊತ್ತಾಗಕಿಲ್ಲ. ಬಂತು ಅತ್ತೆ ಅನ್ನು.

ಬಂತು ಅನ್ನವ್ವ...