ಎಪ್ಪತ್ತು ಪೈಸೆಗೆ ಬಿಟ್ಟ ಸೀಟು

ಒಂದೂರು. ಆ ಊರಿಗೊಬ್ಬ ಶ್ರೀಮಂತ. ಹೆಸರು ಕೇಳಬೇಡಿ. ಹೇಳಿದರೆ ನೀವು ಕಥೆ ಬಿಟ್ಟು ಅವನ ಅಂಗಡಿ ಯಾವ ಓಣಿಯಲ್ಲಿದೆ ಅಂತ ಹುಡುಕಲು ಹೊರಡುತ್ತೀರಿ. ಬಟ್ಟೆಯ ಸಗಟು ವ್ಯಾಪಾರ, ಮೂರು ಗೋದಾಮು, ಪೇಟೆಯಲ್ಲಿ ಒಳ್ಳೆಯ ಹೆಸರು. ಕುಡಿತ ಇಲ್ಲ, ಇಸ್ಪೀಟು ಇಲ್ಲ. ಇದ್ದದ್ದು ಒಂದೇ ಹುಚ್ಚು. ಏನು ಹುಚ್ಚು? ಕ್ರೆಡಿಟ್ ಕಾರ್ಡಿನ ಪಾಯಿಂಟು!

ಪ್ರವಚನ ಕೇಳಲು ಮುಂದಿನ ಸಾಲಿನಲ್ಲಿ ಕೂತ ಮಡಿವಾಳೆಪ್ಪನವರು ನಗುತ್ತಿದ್ದಾರೆ. ನಗಲಿ, ಅವರ ಜೇಬಿನಲ್ಲೇ ನಾಲ್ಕು ಕಾರ್ಡುಗಳಿವೆ. ಗೊತ್ತಿಲ್ಲದ ತಾಯಂದಿರಿಗಾಗಿ ಬಿಡಿಸಿ ಹೇಳುತ್ತೇನೆ. ಕಾರ್ಡು ಉಜ್ಜಿ ಸಾಮಾನು ಕೊಂಡರೆ ಬ್ಯಾಂಕಿನವರು ನೂರು ರೂಪಾಯಿಗೆ ಇಷ್ಟು ಅಂತ ಪಾಯಿಂಟು ಕೊಡುತ್ತಾರೆ. ಆ ಪಾಯಿಂಟು ಕೊಟ್ಟು ಮಿಕ್ಸರ್ ತಂದರೆ ಒಂದೊಂದು ಪಾಯಿಂಟಿಗೆ ಇಪ್ಪತ್ತು ಪೈಸೆ ಬೆಲೆ ಸಿಕ್ಕಂತಾಯಿತು. ಅದೇ ಪಾಯಿಂಟನ್ನು ವಿಮಾನ ಕಂಪನಿಗೆ ವರ್ಗಾಯಿಸಿ, ವಿಮಾನದ ಮುಂಭಾಗದಲ್ಲಿ ಕಾಲು ಚಾಚಿ ಮಲಗುವ ದೊಡ್ಡ ಸೀಟು ಹಿಡಿದರೆ ಒಂದೂವರೆ ರೂಪಾಯಿ! ಈ ಲೆಕ್ಕ ತಪ್ಪೇ? ತಪ್ಪಲ್ಲ. ಸರಿಯಾಗಿಯೇ ಇದೆ. ಲೆಕ್ಕ ಬಲ್ಲವನನ್ನು ಬೈಯಲು ನಾನಿಲ್ಲಿ ಕೂತಿಲ್ಲ.

ಆದರೆ ಹುಚ್ಚು ಹುಚ್ಚೇ ನೋಡಿ. ಖಾನಾವಳಿಯಲ್ಲಿ ಹತ್ತು ಜನ ಉಂಡರೆ ಬಿಲ್ಲು ಕೊಡುವವನು ಇವನೇ. ಆಮೇಲೆ ಒಬ್ಬೊಬ್ಬರಿಂದಲೂ ನಗದು ಇಸಿದುಕೊಳ್ಳುವವನೂ ಇವನೇ. ಬೀಗರು ಮಗಳ ಮದುವೆಗೆ ಬಂಗಾರ ಕೊಳ್ಳಲು ಹೊರಟರೆ ಕರೆಯದಿದ್ದರೂ ಹಿಂದೆ ಹೋಗುತ್ತಿದ್ದ. ಅಂಗಡಿಯಲ್ಲಿ ಅವರು ಚೀಲಕ್ಕೆ ಕೈ ಹಾಕುವಷ್ಟರಲ್ಲಿ, "ತಡೀರಿ, ತಡೀರಿ! ರೊಕ್ಕ ತಗೀಬ್ಯಾಡ್ರಿ, ನನ್ನ ಕಾರ್ಡ ಐತಿ!" ಮದುವಣಗಿತ್ತಿಯ ಕೊರಳಿಗೆ ಸರ ಬಿತ್ತು, ಇವನ ಖಾತೆಗೆ ಪಾಯಿಂಟು ಬಿತ್ತು. ಹೀಗೆ ಆರು ಲಕ್ಷ ಪಾಯಿಂಟು ಕೂಡಿಬಿಟ್ಟವು.

ಅವನಿಗೊಬ್ಬಳು ಹೆಂಡತಿ. ಕಸೂತಿ ಹಾಕುವುದರಲ್ಲಿ ಆಕೆಯನ್ನು ಸರಿಗಟ್ಟುವವರಿರಲಿಲ್ಲ. ದಾರದ ಕಂಪನಿಯವರು ಒಂದು ವರ್ಷ ಕ್ಯಾಲೆಂಡರ್ ಕೊಟ್ಟರು. ಅದರಲ್ಲೊಂದು ಚಿತ್ರ: ಜಪಾನಿನ ಹೊಳೆಯ ದಂಡೆ, ದಂಡೆಯುದ್ದಕ್ಕೂ ಚೆರ್ರಿ ಮರಗಳು, ಎಲೆಯೇ ಕಾಣದ ಹಾಗೆ ಹೂವು. ಆ ತಿಂಗಳು ಮುಗಿದರೂ ಆಕೆ ಹಾಳೆ ತಿರುವಲಿಲ್ಲ.

"ರೀ, ಈ ಬಣ್ಣ ಖರೇನ ಇರ್ತದೋ, ಪ್ರಿಂಟಿನವ್ರು ಬಳದಾರೋ?"

"ಇರ್ತದ ಇರ್ತದ. ಒಮ್ಮಿ ತೋರಸ್ತೀನಿ ಬಿಡು," ಅಂದ ಇವನು. ನಾವೆಲ್ಲ ಅನ್ನುತ್ತೇವಲ್ಲ, ಹಾಗೆಯೇ ಅಂದ.

ಅದೇ ವರ್ಷ ಆಕೆ ಬಾಗಿಲ ಚೌಕಟ್ಟಿಗೆ ಭುಜ ತಗುಲಿಸಿಕೊಳ್ಳತೊಡಗಿದಳು. ಬಡಿಸಿಟ್ಟ ತಾಟಿನ ಮೇಲೆ ಕಾಲಿಡತೊಡಗಿದಳು. ಮೊದಲು ಇವನು ಗದರಿದ, "ಎತ್ತಾಗ ಲಕ್ಷ್ಯ ನಿಂದು?" ಅಂತ. ಕಡೆಗೆ ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದ. ಡಾಕ್ಟರು ಪರೀಕ್ಷೆ ಮುಗಿಸಿ, ಇವನೊಬ್ಬನನ್ನೇ ಒಳಗೆ ಕೂರಿಸಿಕೊಂಡು ಹೇಳಿದರು.

"ಸಾವಕಾರ್ರ, ನೋಟ ಅಂಚಿನಿಂದ ಸಣ್ಣ ಆಗ್ತಾ ಹೊಂಟೈತ್ರಿ. ಈಗ ಬಳಿಯೊಳಗ ನೋಡಿಧಂಗ ಕಾಣ್ತದ. ಮುಂದ ಉಂಗುರದೊಳಗ ನೋಡಿಧಂಗ ಆಗ್ತದ. ಆಮ್ಯಾಲೆ ಅದೂ ಇಲ್ಲ. ಮೂರ ವರ್ಷ, ಬಾಳ ಅಂದ್ರ ನಾಕು. ನಿಲ್ಲಸೂ ಔಷಧ ಇಲ್ಲ. ಏನರ ತೋರಸೂದಿದ್ರ ಲಗೂನ ತೋರಿಸಿಬಿಡ್ರಿ."

ಅವನು ತಟ್ಟನೆ ಎದ್ದು ಬಂದ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಹೆಂಡತಿಯ ಕೈ ಹಿಡಿದು, "ಬರೂ ಮಾರ್ಚಿಗೆ ಜಪಾನಿಗೆ ಹೋಗೂಣು," ಅಂದ. ಮನಸ್ಸಿನಿಂದಲೇ ಅಂದ. ನೋಡಿ, ಅವನ ಪ್ರೀತಿಯಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ.

ಆ ಹೂವು ವರ್ಷಕ್ಕೊಮ್ಮೆ ಅರಳುವುದು, ಅರಳಿದರೆ ಒಂದು ವಾರ ನಿಂತೀತು. ಆ ವಾರಕ್ಕೆ ಸೀಟು ಹುಡುಕಿದ. ಸಿಕ್ಕಿತು! ಎರಡು ಸೀಟು, ಅಕ್ಕಪಕ್ಕ. ಆದರೆ ಹಿಂಭಾಗದ ಸಾಮಾನ್ಯ ಸೀಟು. ಲೆಕ್ಕ ಹಾಕಿದ. ಪಾಯಿಂಟಿಗೆ ಎಪ್ಪತ್ತು ಪೈಸೆ ಬೀಳುತ್ತಿತ್ತು.

"ಎಪ್ಪತ್ತ ಪೈಸೆಕ್ಕ ಕೊಟ್ಟಬಿಡ್ಲೇನು? ಒಂದೂವರಿ ರೂಪಾಯಿ ಬಾಳೂ ಮಾಲ! ಮುಂದಿನ ಸೀಟ ಸಿಗ್ಲಿ ತಡಿ. ನಿನ್ನ ರಾಣಿ ಹಂಗ ಕರ್ಕೊಂಡ ಹೋಗ್ತೀನಿ."

"ಹಿಂದಿನ ಸೀಟಿಗೂ ಕಿಟಕಿ ಇರ್ತಾವಲ್ರಿ," ಅಂದಳು ಆಕೆ.

ಮುಂದಿನ ಸೀಟು ಸಿಗಲಿಲ್ಲ. ಮಾರ್ಚ್ ಬಂತು, ಹೂವು ಅರಳಿತು, ಉದುರಿತು.

ನಿಮಗೀಗ ಸಿಟ್ಟು ಬಂದಿರಬೇಕು. ಅಲ್ಲ ಸ್ವಾಮಿ, ಅವನು ಶ್ರೀಮಂತ ಅಂದಿರಲ್ಲ, ರೊಕ್ಕ ಕೊಟ್ಟು ಟಿಕೆಟ್ ತೆಗೆಸಲು ಏನಾಗಿತ್ತು ಅನ್ನುತ್ತೀರಿ. ಬೇಕಾದಷ್ಟು ರೊಕ್ಕ ಇತ್ತು! ತಿಜೋರಿ ತೆರೆದರೆ ಆಯಿತು. ಆದರೆ ಆರು ಲಕ್ಷ ಪಾಯಿಂಟು ಇಟ್ಟುಕೊಂಡು ರೊಕ್ಕ ಕೊಡಲು ಅವನ ಕೈ ಬರಲಿಲ್ಲ. ಬಡವನಿಗೆ ಇಲ್ಲ ಅನ್ನುವ ಅಡ್ಡಿ. ಇವನಿಗೆ ಇದೆ ಅನ್ನುವುದೇ ಅಡ್ಡಿಯಾಯಿತು.

ಎರಡನೆಯ ವರ್ಷ ಪಾಯಿಂಟು ಒಂಬತ್ತು ಲಕ್ಷಕ್ಕೆ ಏರಿತು. ದಸರೆಯ ಹೊತ್ತಿಗೆ ಹುಡುಕಿದರೆ ಏನು ಭಾಗ್ಯ! ಒಂದು ಕಂಪನಿಯ ವಿಮಾನದಲ್ಲಿ ಮುಂಭಾಗದ ಎರಡು ಸೀಟು, ಅದೇ ಹೂವಿನ ವಾರಕ್ಕೆ. ಒತ್ತಿದರೆ ಆಯಿತು. ಒತ್ತಲು ಬೆರಳೂ ಎತ್ತಿದ. ಅಷ್ಟರಲ್ಲಿ ಗೆಳೆಯನೊಬ್ಬ ಫೋನು ಮಾಡಿದ. ಇವನಂತೆಯೇ ಪಾಯಿಂಟಿನ ಹುಚ್ಚಿನವನು.

"ಏ ದೋಸ್ತ, ದುಡಕಬ್ಯಾಡ! ದೀಪಾವಳಿಗೆ ಬೋನಸ್ ಕೊಡ್ತಾರಂತ. ಈಗ ವಿಮಾನದವ್ರಿಗೆ ಪಾಯಿಂಟ ಕಳಿಸಿದ್ರ ನಾಕಕ್ಕ ನಾಕ. ಆವಾಗ ಕಳಿಸಿದ್ರ ನಾಕಕ್ಕ ಐದ!"

ಎತ್ತಿದ ಬೆರಳು ಇಳಿಯಿತು. ಕಾದ. ಗೆಳೆಯ ಸುಳ್ಳು ಹೇಳಿರಲಿಲ್ಲ, ಬೋನಸ್ ಬಂದೇ ಬಂತು. ಕೂತಲ್ಲಿಂದ ಎದ್ದು ನಿಂತು ಒಂಬತ್ತು ಲಕ್ಷವನ್ನೂ ಒಂದೇ ಏಟಿಗೆ ವಿಮಾನ ಕಂಪನಿಗೆ ಕಳಿಸಿದ. ಹನ್ನೊಂದು ಲಕ್ಷದ ಮೇಲಾಯಿತು! ಅಂಗಡಿಯವರಿಗೆಲ್ಲ ಪೇಡೆ ಹಂಚಿದ. ಆಮೇಲೆ ಸೀಟು ನೋಡಿದ.

ಗಮನಿಸಿ, ಆಮೇಲೆ ನೋಡಿದ. ಈ ವಿದ್ಯೆ ಬಲ್ಲವರಲ್ಲಿ ಒಂದು ನಿಯಮವಿದೆ: ಮೊದಲು ಸೀಟು ನೋಡು, ಆಮೇಲೆ ಪಾಯಿಂಟು ಕಳಿಸು. ಊರಿಗೆಲ್ಲ ಅದನ್ನು ಹೇಳಿಕೊಡುತ್ತಿದ್ದವನು ಇವನೇ. ಬೋನಸ್ಸಿನ ಸಂಭ್ರಮದಲ್ಲಿ ತಾನೇ ಮರೆತ. ಸೀಟು ಹೋಗಿತ್ತು. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಜೂನಿನಲ್ಲಿ ಇತ್ತು, ಆಗಸ್ಟಿನಲ್ಲಿ ಇತ್ತು. ಆಗಸ್ಟಿನಲ್ಲಿ ಹೂವು ಎಲ್ಲಿಂದ ತರುವುದು?

ಬ್ಯಾಂಕಿಗೆ ಫೋನು ಮಾಡಿ ಗೋಗರೆದ. ಅಲ್ಲಿದ್ದ ಹೆಣ್ಣುಮಗಳು ಬಹಳ ಮರ್ಯಾದೆಯಿಂದ ಹೇಳಿದಳು, "ಸಾರಿ ಸರ್, ಒಂದ್ಸಲ ಕಳ್ಸಿದ ಪಾಯಿಂಟ್ಸ್ ವಾಪಸ್ ಬರಲ್ಲ."

ಮನೆಗೆ ಬಂದು ಹೆಂಡತಿಗೆ ಹೇಳಿದ. ಆಕೆ "ಹೋಗ್ಲಿ ಬಿಡ್ರಿ, ಊಟಕ್ಕ ಏಳ್ರಿ" ಅಂದಳು. ಅಷ್ಟೇ. ಅದಾದ ಮೇಲೆ ಜಪಾನಿನ ಮಾತನ್ನು ಆಕೆ ಒಂದು ದಿನವೂ ಎತ್ತಲಿಲ್ಲ. ಇವನಿಗೆ ಏನೆನ್ನಿಸಿತು ಗೊತ್ತೇ? ಹಾಯೆನ್ನಿಸಿತು! ಕೇಳುವ ಕಾಟ ತಪ್ಪಿತು, ನಿಧಾನವಾಗಿ ಹುಡುಕಬಹುದು ಅಂದುಕೊಂಡ. ಎಂಥ ದಡ್ಡ ನೋಡಿ.

ಮೂರನೆಯ ವರ್ಷದ ಶ್ರಾವಣದಲ್ಲಿ ವಿಮಾನ ಕಂಪನಿ ತನ್ನ ದರಪಟ್ಟಿಯನ್ನೇ ಬದಲಿಸಿತು. ಮೊದಲು ಎಂಬತ್ತು ಸಾವಿರ ಪಾಯಿಂಟಿಗೆ ಸಿಗುತ್ತಿದ್ದ ಸೀಟಿಗೆ ಈಗ ಒಂದು ಲಕ್ಷ ನಲವತ್ತು ಸಾವಿರ. ಇವನೂ ಗೆಳೆಯನೂ ಎಂಟು ದಿನ ಕೂತು ಕಂಪನಿಯವರ ಜನ್ಮ ಜಾಲಾಡಿದರು. ಆಗಲೂ ಇವನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ: ಇನ್ನೊಂದು ವರ್ಷ ತಡೆದರೆ ನಷ್ಟ ತುಂಬಿಕೊಳ್ಳಬಹುದು.

ಸಂಕ್ರಾಂತಿ ಕಳೆದ ವಾರ. ಗೋದಾಮಿನ ಕೀಲಿ ಮರೆತಿದ್ದಕ್ಕೆ ಮಧ್ಯಾಹ್ನವೇ ಮನೆಗೆ ಬಂದ. ಅಡುಗೆಮನೆಯಲ್ಲಿ ಏನೋ ಎಣಿಸುವ ಸದ್ದು. ಬಾಗಿಲಲ್ಲಿ ನಿಂತು ನೋಡಿದ. ಹೆಂಡತಿ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಒಲೆಯಿಂದ ಹಿತ್ತಲ ಬಾಗಿಲವರೆಗೆ ಹೆಜ್ಜೆ ಎಣಿಸುತ್ತ ನಡೆಯುತ್ತಿದ್ದಾಳೆ. "ಆರು, ಏಳು, ಎಂಟು." ಬಾಗಿಲು ಸಿಕ್ಕಿತು. ತಿರುಗಿದಳು. ಡಬ್ಬಿಗಳ ಮೇಲೆ ಕೈಯಾಡಿಸಿ, "ಇದು ಸಾಸಿವಿ, ಇದು ಜೀರಗಿ" ಅಂದುಕೊಂಡಳು.

"ಏನ್ ಮಾಡಾಕತ್ತಿ?"

ಆಕೆ ಬೆಚ್ಚಿ ಕಣ್ಣು ಬಿಟ್ಟಳು. ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ನಕ್ಕಳು. "ರೂಢಿ ಮಾಡ್ಕೊಳ್ಳಾಕತ್ತೀನ್ರಿ. ಮುಂದ ಬೇಕಾಗ್ತದಲ್ಲ."

ಅವನು ಬಾಗಿಲು ದಾಟಿ ಒಳಗೆ ಬಂದ. ಹತ್ತಿರ ಹೋಗಿ ಎದುರಿಗೆ ನಿಂತ. "ಈಗ ನಿನಗ ನಾ ಎಷ್ಟ ಕಾಣ್ತೀನಿ?"

ಆಕೆ ಪ್ರಾಮಾಣಿಕವಾಗಿ ನೋಡಿದಳು. "ಮೂಗ ಕಾಣ್ತದ್ರಿ. ಮೀಸಿ ಕಾಣ್ತಾವು. ಕಿವಿ ಕಾಣಂಗಿಲ್ಲ." ಅವನ ಮುಖ ಬಾಡಿದ್ದು ಕಂಡಿತೋ ಏನೋ, "ಕಿವಿ ಎಲ್ಲಿರ್ತಾವು ಅಂತ ಗೊತ್ತದ ಬಿಡ್ರಿ ನನಗ" ಅಂದಳು.

ಕೀಲಿ ಅಲ್ಲೇ ಉಳಿಯಿತು. ಅವನು ಅಡುಗೆಮನೆಯ ನೆಲದ ಮೇಲೆ ಕುಕ್ಕರಿಸಿ ಕೂತು ಫೋನು ತೆಗೆದ. ಹೂವಿನ ವಾರ. ಮುಂಭಾಗದ ಸೀಟು ಇಲ್ಲ. ಕಟ್ಟಕಡೆಯ ಸಾಲು, ಶೌಚಾಲಯದ ಪಕ್ಕ, ನಡುವೆ ಎರಡು ಕಡೆ ವಿಮಾನ ಬದಲಿಸಬೇಕು. ಪಾಯಿಂಟು ಎಷ್ಟು ಕೇಳಿದರೋ ಅಷ್ಟು ಕೊಟ್ಟ. ಸಂಜೆಯೊಳಗೆ ಸುದ್ದಿ ಮುಟ್ಟಿ ಗೆಳೆಯನ ಫೋನು ಬಂತು.

"ಏ ಮಾರಾಯಾ, ತಲಿ ಕೆಟ್ಟೈತೇನ್ ನಿನಗ? ನಲವತ್ತ ಪೈಸೆನೂ ಬೀಳಂಗಿಲ್ಲಲೇ! ಲೆಕ್ಕ ಹಾಕೀಯೇನು?"

"ಹಾಕೀನಿ. ಮೂವತ್ತೆಂಟ ಬೀಳ್ತದ. ಬೀಳ್ಲಿ," ಅಂದ ಶ್ರೀಮಂತ. "ಇಪ್ಪತ್ತ ಬೀಳ್ಲಿ, ಸೊನ್ನಿ ಬೀಳ್ಲಿ, ಈ ಸಲ ಹೋಗಾಂವ ನಾ. ಸೀಟ ರದ್ದ ಆದ್ರ ರೊಕ್ಕ ಕೊಟ್ಟ ಹೋಗ್ತೀನಿ. ಇನ್ನ ಮ್ಯಾಲೆ ನನಗ ರೇಟ ಹೇಳಬ್ಯಾಡ."

ಹೋದರು. ಹೊಳೆಯ ದಂಡೆಗೆ ಹೋದರು. ಕಣ್ಣು ಹಾಯುವಷ್ಟು ದೂರ ಮರ, ಮರದ ತುಂಬ ಹೂವು. ಅವನು ಒಂದು ಗಳಿಗೆ ಎಲ್ಲ ಮರೆತು ನೋಡಿದ. ಆಮೇಲೆ ಪಕ್ಕಕ್ಕೆ ತಿರುಗಿ, "ಕಾಣ್ತೇನು?" ಅಂದ.

"ಒಂದ ಗೊಂಚಲ ಕಾಣ್ತದ್ರಿ."

"ಮರ?"

"ಮರ ಕಾಣಂಗಿಲ್ಲ. ನನ್ನ ಮುಖ ಹಿಡದ ಸಾವಕಾಶ ತಿರಗಸ್ರಿ. ಒಂದೊಂದ ಟೊಂಗಿ ತೋರಸ್ರಿ."

ಆ ಶ್ರೀಮಂತ, ಪೇಟೆಯಲ್ಲಿ ಎದೆಯುಬ್ಬಿಸಿ ತಿರುಗುವ ಸಾವಕಾರ, ಪರದೇಶದ ಜನರ ನಡುವೆ ಹೆಂಡತಿಯ ಎರಡೂ ಕೆನ್ನೆ ಹಿಡಿದು ನಿಂತ. ಕೆಳಗಿನ ಟೊಂಗೆಯಿಂದ ಮೇಲಕ್ಕೆ, ಮೇಲಿನಿಂದ ಆ ಕಡೆಗೆ, ತುಸು ತುಸುವೇ ಆಕೆಯ ಮುಖ ತಿರುಗಿಸಿದ. ಒಂದು ಮರ ನೋಡಲು ಅರ್ಧ ತಾಸು ಹಿಡಿಯಿತು. "ಬಣ್ಣ ಪ್ರಿಂಟಿನಾಗ ಇದ್ದಷ್ಟ ಗಾಢ ಇಲ್ರಿ. ಬೆಳ್ಳಗನ ಅದ, ಚಂದ ಅದ," ಅಂತ ಆಕೆ ಖುಷಿಯಿಂದ ನೋಡುತ್ತಿದ್ದಳು. ಇವನ ಕಣ್ಣಲ್ಲಿ ಧಾರಾಕಾರ ನೀರು.

"ಮೊದಲ್ನೇ ವರ್ಷಾನ ಬಂದಿದ್ರ..." ಅಂದ.

"ಬಂದಿದ್ರ ಇಡೀ ಸಾಲ ಒಮ್ಮಿಗೇ ಕಾಣ್ತಿತ್ರಿ," ಅಂದಳು ಆಕೆ. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ, ಮುಂದಿನ ಟೊಂಗೆಗೆ ಕಾದಳು.

ಈಗ ನಿಮ್ಮ ಕಡೆ ಬರುತ್ತೇನೆ. ಒಂದೂವರೆ ರೂಪಾಯಿಗೂ ಎಪ್ಪತ್ತು ಪೈಸೆಗೂ ಎಷ್ಟು ಅಂತರ? ಎಂಬತ್ತು ಪೈಸೆ. ಆ ಎಂಬತ್ತು ಪೈಸೆಗಾಗಿ ಅವನು ಹೆಂಡತಿಯ ಕಣ್ಣಿನಿಂದ ಒಂದು ಹೊಳೆಯ ದಂಡೆಯನ್ನೇ ಕಳೆದ. ನನ್ನ ಹತ್ತಿರ ಕಾರ್ಡಿಲ್ಲ ಸ್ವಾಮಿ, ನಾನು ಪಾರಾದೆ ಅನ್ನುತ್ತೀರಾ? ಎಲ್ಲಿ ಪಾರಾದಿರಿ? ನಿಮ್ಮ ಹತ್ತಿರ ರಜೆ ಇದೆ, ಕೂಡಿಡುತ್ತೀರಿ. ಒಳ್ಳೆಯ ಮಾತಿದೆ, ಕೂಡಿಡುತ್ತೀರಿ. ತಮ್ಮನ ಜೊತೆ ಜಗಳ ಮುಗಿಸುವ ಮನಸ್ಸಿದೆ, ಅದನ್ನೂ ಕೂಡಿಡುತ್ತೀರಿ! ಯಾಕೆ? ಅವನೇ ಮೊದಲು ಬರಲಿ, ಮನೆಗೆ ಬಣ್ಣ ಹೊಡೆಸಿ ಆಗಲಿ, ಪರೀಕ್ಷೆ ಮುಗಿಯಲಿ. ಇದೆಲ್ಲ ಏನು? ಒಳ್ಳೆಯ ರೇಟಿಗೆ ಕಾಯುವುದೇ ಅಲ್ಲವೇ?

ಲೆಕ್ಕ ಬೇಡ ಅನ್ನುತ್ತಿಲ್ಲ. ಲೆಕ್ಕ ಹಾಕಿ, ಮುಂದಿನ ಸೀಟು ಸಿಕ್ಕರೆ ಮಹಾರಾಜರ ಹಾಗೆ ಕೂತು ಹೋಗಿ. ಆದರೆ ಮೊದಲು ಯಾರಿಗಾಗಿ ಅಂತ ಗೊತ್ತುಮಾಡಿ, ಯಾವ ದಿನ ಅಂತ ಗೊತ್ತುಮಾಡಿ, ಆಮೇಲೆ ಲೆಕ್ಕಕ್ಕೆ ಕೂರಿ. ದಿನವಿಲ್ಲದ ಲೆಕ್ಕ ಎಷ್ಟು ಸರಿಯಾಗಿದ್ದರೂ ತಪ್ಪೇ.

ಇನ್ನೊಂದು ಮಾತು, ಇದನ್ನು ಗಟ್ಟಿಯಾಗಿ ಹಿಡಿಯಿರಿ. ನಿಮ್ಮನ್ನು ದಿನಾ ಕೇಳಿ ಪೀಡಿಸುವವರ ಬಗ್ಗೆ ನನಗೆ ಚಿಂತೆ ಇಲ್ಲ. ಅವರಿಗಿನ್ನೂ ನಿಮ್ಮ ಮೇಲೆ ನಂಬಿಕೆ ಇದೆ. ನಿಮ್ಮ ಮನೆಯಲ್ಲಿ ಕೇಳುವುದನ್ನು ನಿಲ್ಲಿಸಿದವರು ಒಬ್ಬರಿದ್ದಾರೆ. ಹೆಂಡತಿಯೋ, ಗಂಡನೋ, ಅಕ್ಕನೋ. ಏನು ಕೇಳುತ್ತಿದ್ದರು ಅಂತ ನಿಮಗೆ ಗೊತ್ತು. ನಾನು ಹೇಳುತ್ತಿರುವಾಗಲೇ ನಿಮಗೆ ಆ ಮುಖ ನೆನಪಾಗಿದೆ. ಅವರಿಗೆ ಇವತ್ತು ಒಂದು ದಿನಾಂಕ ಹೇಳಿ. "ನೋಡೋಣ" ಅಂತ ಹೇಳಬೇಡಿ. ಆ ಮಾತನ್ನು ಒಂದು ತಿಂಗಳು ಬಾಯಿಗೆ ತರಬೇಡಿ. ಇಂಥ ತಿಂಗಳು, ಇಂಥ ತಾರೀಖು, ಇಂಥ ಬಸ್ಸು ಅಂತ ಹೇಳಿ. ಹಿಂದಿನ ಸೀಟಾದರೂ ಸರಿ.

ಅಲ್ಲಿ ಕಂಬಕ್ಕೆ ಒರಗಿದವರು ತಲೆ ತಗ್ಗಿಸಿದ್ದೀರಿ. ಏಳಿ ತಮ್ಮಾ, ಸಂಕೋಚ ಬೇಡ. ಹೊರಗಿನ ಕಟ್ಟೆಗೆ ಹೋಗಿ ಫೋನು ಮಾಡಿ, ತಾರೀಖು ಹೇಳಿ ಬನ್ನಿ. ಅಮ್ಮಾ, ನೀವೂ ಹೋಗಿ. ಮಂಗಳಾರತಿ ನೀವು ಬರುವ ತನಕ ಕಾಯುತ್ತದೆ.