ವಸಂತಣ್ಣನ ಕಿವಿ

...ಅಯ್ಯೋ, ಏಳ್ಬ್ಯಾಡ ಕಣಣ್ಣಾ! ಕೂತ್ಕೊ, ಆ ಸ್ಟೂಲ್ ಮ್ಯಾಲೇ ಕೂತ್ಕೊ. ಹೆಡ್‌ಫೋನು ನಾನೇ ಎತ್ತಿಡ್ತೀನಿ ಬುಡು. ತಗಾ, ಟೀ ಕುಡಿ. ಅಯ್ಯೋ, ಅರ್ಧ ಟೀ ನೆಲದ ಪಾಲಾಯ್ತು.

ಏನಾಗಿಲ್ಲ. ಏನೂ ಆಗಿಲ್ಲ ಕಣಣ್ಣಾ. ಆ ಶಬ್ದ ಎಷ್ಟೊತ್ತು ಬಂತು? ಚಣ ಒತ್ತು! ನಾನು ವೈರ್ ಕಿತ್ತೇಬುಟ್ನಲ್ಲ. ಕರೆಂಟು ಅಣ್ಣಾ, ಕರೆಂಟು. ಈ ಹುಣಸೂರಿನ ಕರೆಂಟು ನಿಂಗೊತ್ತಿಲ್ವಾ, ಒಂದೇ ಸಮ್ನೆ ಏರ್ತದೆ, ಇಳೀತದೆ. ಇಲ್ಲಾಂದ್ರೆ ನಿನ್ ಆಂಪ್ಲಿಫೈಯರ್ ಹಿಂದ್ಗಡೆ ಆ ಲೂಸ್ ಪಿನ್ನು... ಅದೇ ಇರ್ಬೇಕು. ನನ್ ಪ್ರೋಗ್ರಾಮು ಅಲ್ಲ. ನನ್ ಪ್ರೋಗ್ರಾಮು ಅಂಗೆಲ್ಲಾ ಕಿರುಚಲ್ಲ.

ಯಾಕಣ್ಣಾ ನಗ್ತೀಯಾ? ಹಾಂ? ನನ್ ಮುಖ ನೋಡ್ಬುಟ್ಟು ನಗು ಬಂತಾ? ನಗು, ನಗು. ನೀನು ನಕ್ಕುದ್ರೆ ನಂಗೆ ಸ್ವಲ್ಪ ಜೀವ ಬತ್ತದೆ.

ಈ ಹುಚ್ಚು ಹತ್ತಿಸಿದೋನು ನೀನೇ ಅಲ್ವಾ? ಭೇರ್ಯದ ಮದ್ವೇಲಿ, ಸರಿಯಾಗಿ ತಾಳಿ ಕಟ್ಟೋ ಒತ್ಗೆ ಮೈಕು 'ಕುಂಯ್ಯ್ಯ್' ಅಂತು. ಐನೋರು ಮಂತ್ರ ಬುಟ್ಟು ಕಿವಿ ಮುಚ್ಕಂಡ್ರು, ಮಕ್ಳೆಲ್ಲ ಅಳಕ್ಕೆ ಸುರು. ಎಲ್ಲಾರೂ ಮೈಕ್‌ಸೆಟ್‌ನೋನು ಅಂತ ನಿನ್ ಕಡೆಗೆ ತಿರುಗಿ ನೋಡುದ್ರು. ಅವತ್ತು ಮನೇಗ್ ಬಂದು ಊಟ ಬುಟ್ಟು ಕೂತಿದ್ದೆ ನೀನು. 'ಯಶೋಧರಾ, ಡಿಪ್ಲೊಮಾ ಓದಿದ್ದೀಯಲ್ಲ, ನಿನ್ ಕಂಪ್ಯೂಟ್ರು ಈ ಕುಂಯ್ಯ್ ಅನ್ನೋದ್ನ ತಡೆಯಲ್ವೇನವ್ವಾ?' ಅಂದೆ. ಅದ್ಕೇ ಅಲ್ವಾ ನಾನು ಕಂಪ್ಯೂಟ್ರು ಪತ್ರಿಕೆ ಜೊತೆ ಪುಕ್ಸಟ್ಟೆ ಬಂದಿದ್ದ ಸೀಡಿಯಿಂದ ಲಿನಕ್ಸ್ ಹಾಕ್ಕಂಡು ಈ ಪ್ರೋಗ್ರಾಮ್ ಬರಿಯಕ್ಕೆ ಕೂತಿದ್ದು? 'ಹದ' ಅಂತ ಎಸ್ರೂ ಇಟ್ಟೆ. ಮೈಕು ಎಲ್ಲಿ ಕೂಗಕ್ಕೆ ಓಗ್ತದೋ ಅಲ್ಲೇ ಅದುಮಿಬುಡ್ಬೇಕು, ಬ್ಯಾರೆ ದನಿ ಮುಟ್ಬಾರ್ದು.

ಇಂಟರ್ನೆಟ್ಟಲ್ಲಿ ಇಟ್ಟ ಮ್ಯಾಲೆ ಯಾರ್ಯಾರು ಕೈ ಹಾಕವ್ರೆ ಅಣ್ಣಾ ಅದ್ರಲ್ಲಿ! ಜರ್ಮನಿಯೋನೊಬ್ಬ, ಬ್ರೆಜಿಲ್ ದೇಶದೋಳು ಒಬ್ಳು. ಮುಖ ನೋಡಿಲ್ಲ. ನಾನು ಬರ್ದಿದ್ದ ಅವ್ರು ತಿದ್ತಾರೆ, ಅವ್ರು ಬರ್ದಿದ್ದ ನಾನು ತಿದ್ತೀನಿ. ಯಾರ್ ಬೇಕಾರೂ ಬಿಚ್ಚಿ ನೋಡ್ಬೋದು, ಯಾರ್ ಬೇಕಾರೂ ಸುಮ್ನೆ ತಗಂಡೋಗ್ಬೋದು. ಹನಗೋಡಿಗೆ ಓಗಿದ್ದಾಗ ಅವ್ವ ಕೇಳ್ತು, 'ಅಂಗಾದ್ರೆ ಅದು ಯಾರ್ದವ್ವಾ?' ಅಂತ. ಎಲ್ಲಾರ್ದೂ ಕಣವ್ವಾ ಅಂದೆ. ಅವ್ವಂಗೆ ಅರ್ಥವೇ ಆಗ್ಲಿಲ್ಲ...

ನೀನೂ ತಲೆ ಆಡಿಸ್ತೀಯಾ ಅಷ್ಟೆ. ಕೇಳುಸ್ಕಂತಾ ಇದ್ದೀಯಾ ತಾನೆ?

ನಾಳೆ ಚುಂಚನಕಟ್ಟೆ ಚೌಲ್ಟ್ರೀಲಿ ಪುಟ್ಟಮಲ್ಲಪ್ಪನೋರ ಮಗಳ ಮದ್ವೆಗೆ ಇದ್ನೇ ಕಟ್ಟಾಣ ಅಂದಿದ್ದೆ. ಅದ್ಕೇ ನಿನ್ ಕೈಲಿ ಒಂದ್ಸಲ ಕೇಳುಸ್ಬುಡಾಣ ಅಂತ... ನಿನ್ ಕಿವಿ ಒಪ್ಪುದ್ರೆ ಸಾಕು ಅಂತ... ಬ್ಯಾರೆ ಏನಿಲ್ಲ. ಬ್ಯಾರೆ ಏನೂ ಇಲ್ಲ ಅಣ್ಣಾ.

ಫೋನು.

ಅಣ್ಣಾ, ಫೋನು. ಪುಟ್ಟಮಲ್ಲಪ್ಪನೋರೇ ಇರ್ಬೇಕು, ತಗಾ. ನಿನ್ ಮೊಣಕೈ ಪಕ್ಕದಲ್ಲೇ ಬಡ್ಕೊಳ್ತಾ ಅದಲ್ಲ... ಎತ್ತಣ್ಣಾ! ಯಾಕೆ ನನ್ ಬಾಯ್ನೇ ನೋಡ್ತೀಯಾ?

...ನಿಂತೋಯ್ತು.

ಅಣ್ಣಾ. ಬಾಯ್ಬುಟ್ಟು ಒಂದ್ ಮಾತು ಯೋಳು. ಇವತ್ತು ಯಾವ್ ವಾರ?

ತಲೆ ಆಡಿಸ್ತೀಯಾ. ಯಾವ್ ವಾರ ಅಂತ ಕೇಳುದ್ರೆ ತಲೆ ಆಡಿಸ್ತೀಯಲ್ಲಣ್ಣಾ!

ಇಲ್ಲ, ಇಲ್ಲ, ಏನಿಲ್ಲ... ನೀನು ಟೀ ಕುಡಿ. ರಸ್ತೆ ಕಡೆ ನೋಡು, ಅದೋ, ಕೋಟೆ ಕಡೆ ಓಗೋ ಬಸ್ಸು ನಿಂತದೆ. ಅಂಗೇ ನೋಡ್ತಾ ಇರು. ನಾನು ಹಿಂದ್ಗಡೆ... ಈ ಮೈಕ್ ಸ್ಟ್ಯಾಂಡ್ ತಗಂಡು...

ಬೀಳುಸ್ದೆ. ಕಬ್ಬಿಣದ್ದು, ಸಿಮೆಂಟ್ ನೆಲದ ಮ್ಯಾಲೆ. ಎದುರ್ಗಡೆ ಸೈಕಲ್ ಅಂಗ್ಡಿಯೋನು ಬೆಚ್ಚಿ ನೋಡ್ದ. ನೀನು ತಿರುಗ್ಲಿಲ್ಲ.

ದೇವ್ರೇ... ಕೇಳ್ತಿಲ್ಲ. ನಿಂಗೆ ಕೇಳ್ತಿಲ್ಲ! ಆಗ್ಲಿಂದ ನಾನು ಹೆದರ್ಕಬಾರ್ದು ಅಂತ ನಗ್ತಾ ಕೂತಿದ್ದೀಯಾ? ಸ್ಪೀಕರ್ ಮುಂದೆ ನಿಂತ್ಕಂಡು ಕಣ್ಮುಚ್ಚಿ ಹದ ನೋಡ್ತಿದ್ದೋನು ನೀನು... ಆ ಕಿವಿ ನಂಬ್ಕಂಡೇ ಅಲ್ವಾ ಮನೆ ನಡೆದಿದ್ದು, ನಾನು ಓದಿದ್ದು...

ಅಣ್ಣಾ, ಹಿಂಗೇ ಬೆನ್ನು ಮಾಡ್ಕಂಡು ಕೂತಿರು. ತಿರುಗ್ಬ್ಯಾಡ. ಮುಖ ನೋಡುದ್ರೆ ನಂಗೆ ಯೋಳಕ್ಕಾಗಲ್ಲ.

ಕರೆಂಟಲ್ಲ ಕಣಣ್ಣಾ. ಪಿನ್ನೂ ಅಲ್ಲ. ದನಿ ತುಂಬೋ ಪಾತ್ರೆ ಅಂತ ಒಂದು ಇರ್ತದೆ ಪ್ರೋಗ್ರಾಮಲ್ಲಿ. ತುಂಬೋಕ್ ಮುಂಚೆ ತೊಳೀಬೇಕು. ತೊಳೀದಿದ್ರೆ ಹಿಂದೆ ಉಳ್ದಿದ್ದ ಕಸವೆಲ್ಲ ಒಂದೇ ಸಲ ಶಬ್ದ ಆಗಿ ನುಗ್ತದೆ. ಯಾವಾಗ್ಲೂ ಅಲ್ಲ, ಎಲ್ಲೋ ಒಂದೊಂದ್ಸಲ. ಮೊನ್ನೆ ಸಂತೆ ದಿನ ನೀನು ಇಲ್ದಿದ್ದಾಗ ಬಂದಿತ್ತು. ಆ ಚಿಕ್ಕ ಸ್ಪೀಕರ್ ಕಾಗ್ದ ಹರ್ದೋಯ್ತು ನೋಡು, ಅದು ಇಲಿ ಕಡ್ದಿದ್ದಲ್ಲ ಅಣ್ಣಾ. ನಾನು ಸುಳ್ಳು ಯೋಳ್ದೆ. ತೊಳಿಯೋ ಸಾಲು ಎಲ್ಲಿ ಬುಟ್ಟೋಗದೆ ಅಂತ ಹುಡುಕ್ದೆ, ಸಿಕ್ತು ಅನ್ಕಂಡೆ, ಸರಿ ಆಯ್ತು ಅನ್ಕಂಡೆ... ಇವತ್ತು ಹೆಡ್‌ಫೋನು ಕೈಗ್ ತಗಂಡೆ. ಕಿವಿ ತನಕ ಎತ್ತುದೆ. ಭಯ ಆಯ್ತು. ಮತ್ತೆ ಬಂದ್ರೆ ಅಂತ ಭಯ ಆಯ್ತು ಅಣ್ಣಾ. ಅಷ್ಟೊತ್ಗೆ ನೀನು ಒಳಗ್ ಬಂದೆ. 'ಬಾಣ್ಣಾ, ನೀನೇ ಕೇಳು' ಅಂದೆ. ನಂಗೆ ಭಯ ಆಗಿದ್ದನ್ನ ತಗಂಡು ನಿನ್ ಕಿವಿಗೆ ಹಾಕ್ದೆ.

ಯೋಳ್ಬುಟ್ಟೆ. ಕೇಳುಸ್ಲಿಲ್ಲ ಅಲ್ವಾ ನಿಂಗೆ? ಕೇಳುಸ್ಲಿಲ್ಲ...

ಅಯ್ಯೋ, ತಿರುಗ್ಬ್ಯಾಡ ಅಂದ್ನಲ್ಲ! ಅಳ್ತಿಲ್ಲ ಕಣೋ ಅಣ್ಣಾ, ಏನಿಲ್ಲ. ನಡಿ, ಮೈಸೂರಿಗೆ ಓಗಾಣ, ಕಿವಿ ಡಾಕ್ಟ್ರು ಹತ್ರ. ಬೇಗ ತೋರ್ಸುದ್ರೆ ಬರ್ಬೋದು ಅಂತಾರೆ. ಬರ್ತದೆ. ಏಳು! ...ಏನಿದು? ಸೀಮೆಸುಣ್ಣ ಯಾಕೆ ಕೊಡ್ತೀಯಾ? ಸ್ಪೀಕರ್ ಬಾಕ್ಸ್ ಮ್ಯಾಲೆ... ಬರೀಬೇಕಾ? ಏನಾಯ್ತು ಅಂತ ಬರೀಬೇಕಾ?

ಬರೀತೀನಿ. ತಡಿ. 'ಕರೆಂಟು.' ಇಗಾ, ಬರ್ದೆ. ಓದು.

ಸರಿ ಅಂತೀಯಾ? ಬೆನ್ನು ತಟ್ತೀಯಾ? ಬ್ಯಾಡಣ್ಣಾ, ತಟ್ಬ್ಯಾಡ... ಡಾಕ್ಟ್ರಿಗೂ ಇದ್ನೇ ಯೋಳ್ಲಾ? ಜರ್ಮನಿಯೋನ್ಗೂ ಇದ್ನೇ? ನಾಳೆ ಅವ್ನೂ ಹಾಕ್ಕತಾನೆ ಕಿವಿಗೆ, ಆ ಬ್ರೆಜಿಲ್ ಆಯಮ್ಮನೂ ಹಾಕ್ಕತಾಳೆ...

ತಡಿ. ಬರ್ದಿದ್ದ ಒರುಸ್ತೀನಿ. ಸೆರಗಲ್ಲೇ ಒರುಸ್ತೀನಿ.

'ನಂಗೆ ಮೊದ್ಲೇ ಗೊತ್ತಿತ್ತು. ಹೆದರ್ಕಂಡು ನಿನ್ ಕಿವಿಗೆ ಹಾಕ್ದೆ.'

...ಓದ್ದಾ?

ಮತ್ತೆ ಮತ್ತೆ ಯಾಕೆ ಓದ್ತೀಯಾ ಅಣ್ಣಾ, ಅಷ್ಟೇ ಇರೋದು. ಬಯ್ಯಿ. ಹೊಡಿ ಬೇಕಾರೆ. ಅಂಗೆ ನೋಡ್ಬ್ಯಾಡ... ಎಲ್ಲೋಗ್ತೀಯಾ? ಬಸ್ ಸ್ಟ್ಯಾಂಡಿಗಾ? ನಾನೂ ಬತ್ತೀನಿ. ಚಪ್ಲಿ ಮೆಟ್ಕತೀನಿ ಇರು. ಅಣ್ಣಾ! ಅಣ್ಣಾ, ನಿಂತ್ಕೊ, ರಸ್ತೆ ದಾಟ್ಬ್ಯಾಡ ಒಬ್ನೇ! ...ಯಾರನ್ನ ಕೂಗ್ತಾ ಇದ್ದೀನಿ ನಾನು...

ಸಿಕ್ದೆ. ಕೈ ಕೊಡು.

ಬ್ಯಾಡ್ವಾ? ಸರಿ. ಬುಟ್ಟೆ, ಇಗಾ ಬುಟ್ಟೆ. ಮುಂದೆ ನಡಿ ನೀನು. ನಾನು ಹಿಂದೇನೇ ಬತ್ತೀನಿ. ಲಾರಿಯೋನು ಹಾರನ್ ಹೊಡುದ್ರೆ ಅಂಗಿ ಹಿಡ್ದು ಎಳೀತೀನಿ.