ಬಿಸಿನೀರು ಆರುವ ಮುನ್ನ

ಕಾಲಿಗೆ ಪಟ್ಟಿ ಸುತ್ತಿಸಿಕೊಂಡು ಆಸ್ಪತ್ರೆಯ ವರಾಂಡದಲ್ಲಿ ಕೂತಿದ್ದ ಲಾರಿ ಡ್ರೈವರು, ಕಣ್ಣು ಪೇಪರಿನ ಮೇಲಿಟ್ಟು ಕಿವಿಯನ್ನು ಬಾಗಿಲ ಕಡೆಗೆ ಬಿಟ್ಟಿದ್ದ. ಅಲ್ಲಿ ಬಿಸಿನೀರಿನ ಮಗ್ಗು, ಶೇವಿಂಗ್ ಬ್ರಷ್ಷು ಹಿಡಿದ ಹೆಂಗಸನ್ನು ಅವಳ ಮೈದುನ ಅಡ್ಡಗಟ್ಟಿದ್ದ.

“ಅಣ್ಣನಿಗೆ ಪ್ರಜ್ಞೆನೇ ಇಲ್ಲ, ಅತ್ತಿಗೆ. ದಿನಾ ಗಡ್ಡ ತೆಗೆಯೋದ್ರಲ್ಲಿ ಏನು ತರ್ಕ ಇದೆ?”

“ಇದು ತರ್ಕಾತೀತ ಕಣಪ್ಪ.”

“ಆ ಪದ ಒಂದಿದ್ರೆ ಯಾವ ಮೂಢನಂಬಿಕೆನಾದ್ರೂ ಮಾರಬಹುದು.”

“ಕಂಡಕಂಡಲ್ಲಿ ಹಾಕೋ ಪದ ಅಲ್ಲ ಅದು. ನಾಳೆ ಎದ್ದು ಕೂರ್ತಾರೆ ಅಂತ ನಾನಂದ್ರೆ ಅದು ತರ್ಕಗೇಡಿತನ. ಸ್ಕ್ಯಾನು ನಾನೂ ನೋಡಿದೀನಿ.”

“ಮತ್ತೆ ತರ್ಕಾತೀತ ಯಾವುದು?”

“ಎದ್ದರೂ ಏಳದಿದ್ರೂ ಅವರು ನನ್ನವರು. ಅದಕ್ಕೆ ಯಾವ ಸ್ಕ್ಯಾನು ತೆಗೆಸ್ತೀಯ?”

“ಅವನಿಗೆ ಗೊತ್ತೂ ಆಗಲ್ಲ.”

“ಮುಖಕ್ಕೆ ತಣ್ಣೀರು ಅಂದ್ರೆ ಅವರಿಗೆ ಆಗಲ್ಲ. ನೀರು ಆರಿಹೋಗ್ತಿದೆ, ದಾರಿ ಬಿಡು.”

ಮೈದುನ ಸರಿದು ನಿಂತ. ಡ್ರೈವರೂ ಚಾಚಿದ್ದ ಕಾಲನ್ನು ಮೆಲ್ಲಗೆ ಎಳೆದುಕೊಂಡ.